ಅಬ್ಬಾನಿಂದ ಬಂದದ್ದು

"ಗ್ಯಾಸ್ ಆಪಾ, ಬರೇ ಗ್ಯಾಸ್. ಸೋಡಾ ಕುಡಿದರೆ ಸರಿಹೋಗುತ್ತೆ" ಎಂದು ಆಟೋ ಹತ್ತುವಾಗಲೂ ತಮ್ಮ ಹೇಳುತ್ತಲೇ ಇದ್ದ. ಸೋಗಾನೆಯಿಂದ ಶಿವಮೊಗ್ಗ ತಲುಪುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಇಸಿಜಿ ನೋಡಿದ ಡಾಕ್ಟರು ಹೃದಯಾಘಾತ ಎಂದರು. ವಯಸ್ಸು 38. ಸಪೂರ ಮೈ, ಬೀಡಿ ಸಿಗರೇಟು ಮುಟ್ಟಿದವನಲ್ಲ. ಅಲ್ಲಾಹನ ಕೃಪೆ, ಉಳಿದುಕೊಂಡ.

ಮನೆಗೆ ಬಂದವರೆಲ್ಲ ಮೊದಲು ನೋಡಿದ್ದು ಅವನ ಹೆಂಡತಿಯ ಮುಖವನ್ನು. "ಡಾಲ್ಡಾ ಹಾಕಿ ಹಾಕಿ ನನ್ನ ಮಗನಿಗೆ ಹೀಗಾಯಿತು" ಎಂದು ಅಮ್ಮಿಯೇ ಅತ್ತರು. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದ ನಾನೂ ಆ ತಪ್ಪಿನಲ್ಲಿ ಪಾಲುದಾರಳೇ.

ವಾರದ ನಂತರ ರಕ್ತದ ವರದಿ ಹಿಡಿದು ಡಾಕ್ಟರು ಕೇಳಿದರು: "ನಿಮ್ಮ ತಂದೆ ಹೇಗೆ ತೀರಿಕೊಂಡರು?" ತಮ್ಮನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 236 ಇತ್ತು. ಅಬ್ಬಾ ಭದ್ರಾವತಿಯಲ್ಲಿ ಇಶಾ ನಮಾಝ್ ಮುಗಿಸಿ ಬಂದವರು ಕುರ್ಚಿಯಲ್ಲೇ ಹೋದರು, 44ನೇ ವಯಸ್ಸಿಗೆ. ದೊಡ್ಡ ಚಾಚಾ 50ಕ್ಕೆ. ಒಬ್ಬರಿಗೆ ಬಿಸಿಲು, ಇನ್ನೊಬ್ಬರಿಗೆ ನಜರ್ ಎಂದು ಹೇಳಿಕೊಂಡಿದ್ದೆವು. ಎರಡು ಸಾವುಗಳನ್ನು ಯಾರೂ ಸೇರಿಸಿ ನೋಡಿರಲಿಲ್ಲ.

ಡಾಕ್ಟರು ತಿಳಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ರಕ್ತದಲ್ಲಿರುವ ಈ ಕೊಬ್ಬನ್ನು ಒಳಗೆ ಸೆಳೆದುಕೊಳ್ಳಲು ಪಿತ್ತಜನಕಾಂಗಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ವೈದ್ಯರಿಗೆ 1985ರಲ್ಲಿ ನೊಬೆಲ್ ಬಂತು. ತಂದೆಯಿಂದಲೋ ತಾಯಿಯಿಂದಲೋ ಕೆಟ್ಟ ಜೀನ್ ಒಂದು ಬಂದರೆ ಅರ್ಧದಷ್ಟು ಬಾಗಿಲುಗಳು ಕೆಲಸ ಮಾಡುವುದಿಲ್ಲ. ಕೊಬ್ಬು ಹುಟ್ಟಿದಂದಿನಿಂದಲೇ ರಕ್ತದಲ್ಲಿ ಉಳಿಯುತ್ತದೆ. ಸುಮಾರು 250ರಿಂದ 300 ಮಂದಿಯಲ್ಲಿ ಒಬ್ಬರಿಗೆ ಹೀಗಿರುತ್ತದೆ. ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ಪಥ್ಯ ಬೇಕು, ಆದರೆ ಪಥ್ಯವೊಂದೇ ಸಾಲದು, ಮಾತ್ರೆ ಬೇಕು. ಲೈಪೋಪ್ರೋಟೀನ್ (ಎ) ಎಂಬ ಇನ್ನೊಂದು ಕೊಬ್ಬೂ ಇದೆ. ಅದಂತೂ ಬಹುಪಾಲು ವಂಶದಿಂದಲೇ ಬರುವಂಥದ್ದು, ಊಟ ಬದಲಿಸಿದರೂ ಇಳಿಯದು. ಅದನ್ನು ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷಿಸಿಕೊಳ್ಳಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಸಲಹೆ ಕೊಟ್ಟಿದೆ.

ಅಂದು ಸಂಜೆ ಅಮ್ಮಿ ಸೊಸೆಯ ಕೈ ಹಿಡಿದು ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದರು. ನಾನು ಒಳಗೆ ಹೋಗಲಿಲ್ಲ.

ಆಮೇಲೆ ನನ್ನ ಸರದಿ. ಹೆಂಗಸು, ತೆಳ್ಳಗಿದ್ದೇನೆ, ನನಗೇನು ಎಂದುಕೊಂಡಿದ್ದೆ. 204 ಬಂತು. 19 ವರ್ಷದ ಮಗಳಿಗೆ 211. ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು. ಮದುವೆಯಾಗಿ ಮಗು ಬೇಕೆನಿಸಿದಾಗ ಮೊದಲೇ ಬಂದು ಹೇಳಬೇಕು, ಆಗ ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ ಎಂದು ಮಗಳಿಗೆ ಎರಡು ಸಲ ಹೇಳಿದರು.

ಮದುವೆಯ ಮಾತು ನಮ್ಮಲ್ಲಿ ಆಗಲೇ ನಡೆದಿತ್ತು. ಹುಡುಗ ಅದೇ ದೊಡ್ಡ ಚಾಚಾನ ಮೊಮ್ಮಗ. "ವರದಿ ಬೀರುವಿನಲ್ಲಿಡು. ಹುಡುಗಿಗೆ ಕಾಯಿಲೆ ಎಂದು ಊರೆಲ್ಲ ಹಬ್ಬಿದರೆ ಯಾರು ಬರುತ್ತಾರೆ?" ಎಂದರು ಅಮ್ಮಿ. ಅವರ ಭಯ ಸುಳ್ಳಲ್ಲ. ಹೆಣ್ಣಿನ ವಿಷಯದಲ್ಲಿ ಜ್ವರವೂ ಸುದ್ದಿಯಾಗುತ್ತದೆ. ಆದರೆ ಇಬ್ಬರಲ್ಲೂ ಅದೇ ಜೀನ್ ಇದ್ದರೆ, ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಇದೆ. ಅಂಥ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಬಹುದು. ತಕ್ದೀರ್ ಎಂದು ಸುಮ್ಮನಿರಲು ನನಗೆ ಆಗಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು ನಿಕಾಹ್ ಮಾಡಿಸಿ, ಮರುದಿನ ಮಕ್ಕಳ ಮುಂದೆ ನಿಂತು ಅಮಾನತ್ ಬಗ್ಗೆ ಪಾಠ ಹೇಳುವುದು ಹೇಗೆ?

ವರದಿ ತೆಗೆದುಕೊಂಡು ಭದ್ರಾವತಿಗೆ ಹೋದೆ. ಚಾಚಿ ಕನ್ನಡಕ ಹಾಕಿಕೊಂಡು ನೋಡಿದರು. ಅವರಿಗೆ ಅಂಕಿ ಅರ್ಥವಾಗಲಿಲ್ಲ, ನಾನೇ ವಿವರಿಸಿದೆ. ಬಹಳ ಹೊತ್ತು ಮಾತಿಲ್ಲ. ಕೊನೆಗೆ, "ಅವರಿಗೂ ಆ ರಾತ್ರಿ ಗ್ಯಾಸ್ ಎಂದು ಜೀರಿಗೆ ನೀರು ಕೊಟ್ಟೆ ಬೇಟಿ" ಎಂದರು.

ಮುಂದಿನ ಶನಿವಾರ ಹುಡುಗನ ರಕ್ತ ಕೊಟ್ಟರು. ಜೊತೆಗಿರಲಿ ಎಂದು ಅವನ ತಂಗಿಯದೂ. ಹುಡುಗನಿಗೆ 108. ತಂಗಿಗೆ 198. ಆಕೆಗೆ ವಯಸ್ಸು 16, ಕಬಡ್ಡಿ ಆಡುತ್ತಾಳೆ. ಈಗ ನನ್ನ ಮಗಳೂ ಅವಳೂ ಮಾತ್ರೆ ನುಂಗಿದೆಯಾ ಎಂದು ರಾತ್ರಿ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರೆ.