ಮೂಗಿನ ಅಳತೆ

ಮುಖದ ನಡುವೆ ಕುಳಿತಿರುವ ಮೂಗಿಗೆ ನಮ್ಮ ಮಾತಿನಲ್ಲಿ ಎಷ್ಟೊಂದು ಕೆಲಸ! ಆಶ್ಚರ್ಯವಾದರೆ ಅದರ ಮೇಲೆ ಬೆರಳಿಡುತ್ತೇವೆ. ತಿರಸ್ಕಾರ ಬಂದರೆ ಅದನ್ನೇ ಮುರಿಯುತ್ತೇವೆ. ಮುಂಗೋಪಿಗಳ ಕೋಪ ನೆಲಸಿರುವುದೂ ಅದರ ತುದಿಯಲ್ಲಿಯೇ. ಆದರೆ ಮೂಗನ್ನೇ ಕಳೆದುಕೊಂಡವರ ಪಾಡನ್ನು ನಾವು ನೆನೆಯುವುದು ಅಪರೂಪ. ತರಗತಿಯಲ್ಲಿ ಶೂರ್ಪನಖಿಯ ಪ್ರಸಂಗ ಬಂದಾಗಲೆಲ್ಲ ಹಿಂದಿನ ಬೆಂಚುಗಳಿಂದ ಸಣ್ಣ ನಗೆಯೊಂದು ಏಳುತ್ತದೆ. ಕತೆ ಮುಂದಕ್ಕೆ ಸಾಗುತ್ತದೆ. ಆ ಮುಖವನ್ನು ಹೊತ್ತು ಆಕೆ ಹೇಗೆ ಬಾಳಿದಳೆಂದು ಕೇಳಿದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ.

ಹಾಗೆ ಬಾಳಿದವನೊಬ್ಬನ ವೃತ್ತಾಂತ ಚರಿತ್ರೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೆರೆಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮಿಗಿಲಾಗಿ ಹಾಗೆಯೇ ಇದ್ದವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಆ ವಿಧಾನವನ್ನು ಚಿತ್ರಸಮೇತ ಅಚ್ಚುಹಾಕಿತು.

ಅದರಲ್ಲಿ ನನ್ನನ್ನು ಬೆರಗುಗೊಳಿಸುವುದು ಕತ್ತಿಯ ಕೆಲಸವಲ್ಲ, ಅದಕ್ಕೆ ಮೊದಲಿನ ಅಳತೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ತಿದ್ದಿ, ಮತ್ತೆ ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದರು. ಆ ಗೆರೆಯಂತೆ ಬಿಡಿಸಿದ ಚರ್ಮವನ್ನು ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದರು. ಇದಕ್ಕೂ ಬಹು ಹಿಂದೆ ಸುಶ್ರುತನು ಕೆನ್ನೆಯ ಚರ್ಮಕ್ಕೆ ಮರದ ಎಲೆಯಿಂದ ಅಳತೆ ತೆಗೆಯಲು ಹೇಳಿದ್ದನು.

ಎಲೆ ಹೋಗಿ ಮೇಣ ಬಂದಂತೆ, ಈಗ ಕೆಲವೆಡೆ ಮೇಣದ ಕೆಲಸಕ್ಕೆ ಕಂಪ್ಯೂಟರ್ ಬಂದಿದೆ. ಸಿ.ಟಿ. ಸ್ಕ್ಯಾನು ತೆಗೆದ ಪದರ ಪದರದ ಚಿತ್ರಗಳನ್ನು ಅದು ಜೋಡಿಸಿ, ತಲೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ತೋರಿಸುತ್ತದೆ. ಮೂಗಿನ ಒಂದು ಪಕ್ಕ ಉಳಿದಿದ್ದರೆ, ಕನ್ನಡಿಯ ಬಿಂಬದಂತೆ ಅದನ್ನೇ ಮಗುಚಿ ಇನ್ನೊಂದು ಪಕ್ಕವನ್ನು ರೂಪಿಸುತ್ತದೆ. ಏನೂ ಉಳಿಯದಿದ್ದರೆ ಹಳೆಯ ಭಾವಚಿತ್ರಗಳು ನೆರವಿಗೆ ಬರುತ್ತವೆ. ಬಳಿಕ ದರ್ಜಿಯು ಅಂಗಿಗೆ ಕಾಗದ ಕತ್ತರಿಸುವಂತೆ ಆ ಆಕಾರವನ್ನು ಚಪ್ಪಟೆಯಾಗಿ ಹರಡಿ ಅಚ್ಚೊಂದನ್ನು ಮಾಡಿಕೊಡುತ್ತದೆ. ಪಕ್ಕೆಲುಬಿನ ಅಥವಾ ಕಿವಿಯ ಮೃದ್ವಸ್ಥಿಯಿಂದ ಎಷ್ಟು ತುಂಡು ಬೇಕೆಂಬುದನ್ನೂ ಮುಂಚಿತವಾಗಿ ಲೆಕ್ಕ ಹಾಕಬಹುದು.

‘ಮೂಗಿಗಿಂತ ಮೂಗುತಿ ಭಾರ’ವಾಯಿತೆಂದು ಯಾರಾದರೂ ನಗಬಹುದು. ನಿಜ, ಗಣಿತಕ್ಕೆ ನಿಲುಕದ್ದೂ ಇದೆ. ಬಿಡಿಸಿದ ಚರ್ಮ ಕುಗ್ಗುತ್ತದೆ. ಹೊಸ ಜಾಗದಲ್ಲಿ ರಕ್ತಸಂಚಾರ ನೆಲೆಗೊಳ್ಳಲು ದಿನಗಳು ಬೇಕು. ಪುಣೆಯ ವಿಧಾನದಲ್ಲಿ ಹುಬ್ಬಿನ ಬಳಿಯ ಕೊಂಡಿಯನ್ನು ಕತ್ತರಿಸುತ್ತಿದ್ದುದು ಸುಮಾರು 25ನೆಯ ದಿನ. ಇಂದಿನ ವೈದ್ಯರೂ ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ. ಯಂತ್ರದಿಂದ ಅಳತೆ ಚುರುಕಾಗಿದೆ, ಗಾಯ ಮಾಯುವ ಕಾಲವಲ್ಲ.

ಆದರೂ ಒಂದು ಲಾಭವನ್ನು ಅಲ್ಲಗಳೆಯಲಾಗದು. ಹೊಸ ಮೂಗು ಹೇಗಿರುವುದೆಂದು ಕಾವಸ್‌ಜಿ ಮೊದಲು ಕಂಡಿರಲಾರ; ಕಟ್ಟುವವನ ಕೈಯನ್ನು ನಂಬಿ ಮಲಗಿದ್ದನು. ಇಂದು ಅರ್ಬುದ ರೋಗದಿಂದಲೋ ಅಪಘಾತದಿಂದಲೋ ಮೂಗು ಕಳೆದುಕೊಂಡವರು ಕತ್ತಿ ತಾಗುವ ಮೊದಲೇ ಪರದೆಯ ಮೇಲೆ ಅದನ್ನು ಕಾಣಬಹುದು. “ಡಾಕ್ಟರೇ, ಇದು ಚೆನ್ನಾಗಿದೆ, ಆದರೆ ನನ್ನದಲ್ಲ” ಎನ್ನಬಹುದು. ಅವರು ಬಯಸುವುದು ಎಲ್ಲರ ಕಣ್ಣು ಸೆಳೆಯುವ ಸಂಪಿಗೆ ನಾಸಿಕವನ್ನಲ್ಲ. ಪೇಟೆಯ ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡದಂತಹ, ತಮ್ಮದೇ ಆದ ಸಾಧಾರಣ ಮೂಗನ್ನು.