ಒಂಬತ್ತು ಗಂಟೆಯ ಗೇಟು

ಮೈಸೂರಿನಿಂದ ಊಟಿಗೆ ಹೊರಟ ಸಂಸಾರಗಳ ಪಾಲಿಗೆ ಗುಂಡ್ಲುಪೇಟೆ ಒಂದು ಊರಲ್ಲ, ಕಾಫಿ ಕುಡಿಯುವ ಜಾಗ. ಪಕ್ಕದ ಚಾಮರಾಜನಗರವಂತೂ ದಾರಿಗೇ ಸಿಗುವುದಿಲ್ಲ. ಮೈಸೂರಿನ ಕುವೆಂಪುನಗರದ ಒಂದು ಸಂಸಾರ ಹತ್ತು ವರ್ಷಗಳಲ್ಲಿ ಆರು ಸಲ ಈ ದಾರಿಯಲ್ಲಿ ಹೋಗಿ ಬಂದಿತ್ತು. ಆರು ಸಲವೂ ಗುಂಡ್ಲುಪೇಟೆಗೆ ಅವರು ಕೊಟ್ಟದ್ದು ಹದಿನೈದು ನಿಮಿಷ. ಏಳನೆಯ ಸಲ, 2025ರ ಆಷಾಢದ ಒಂದು ಶುಕ್ರವಾರ ರಾತ್ರಿ, ಆ ಸೀಮೆಯೇ ಅವರನ್ನು ತಡೆದು ನಿಲ್ಲಿಸಿತು.

ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ, ಅಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಮಗಳು ದ್ವಿತೀಯ ಪಿ.ಯು.ಸಿ., ಮಗ ಎಂಟನೆಯ ತರಗತಿ. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ ಬಂದದ್ದು 40ಕ್ಕೆ 19. ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ಅಂದಿನಿಂದ ಯಾರೂ ಸರಿಯಾಗಿ ಮಾತನಾಡಿಯೂ ಇರಲಿಲ್ಲ. ‘ತಲೆ ಸ್ವಲ್ಪ ಹಗುರಾಗಲಿ’ ಎಂದು ಅಪ್ಪನೇ ಪ್ರವಾಸ ಗೊತ್ತುಮಾಡಿದರು. ಅವರ ಪ್ರವಾಸವೆಂದರೆ ಅದೂ ಒಂದು ಸಿಲಬಸ್ಸೇ. ಜೇಬಿನ ಚೀಟಿಯಲ್ಲಿ ಊಟಿಯ ಹನ್ನೊಂದು ಜಾಗಗಳ ಹೆಸರು, ಪ್ರತಿಯೊಂದರ ಮುಂದೆ ತಲುಪಬೇಕಾದ ಗಂಟೆ. ಮಗಳ ಚೀಲದಲ್ಲಿ ಸ್ವೆಟರಿನ ಕೆಳಗೆ ಗಣಿತದ ಗೈಡು. ‘ಕಾರಿನಲ್ಲಿ ಸುಮ್ಮನೆ ಕೂತಿರೋ ಬದಲು ನಾಲ್ಕು ಲೆಕ್ಕ ನೋಡಿದ ಹಾಗಾಗುತ್ತೆ’ ಎಂದು ಅದನ್ನು ಅಲ್ಲಿಟ್ಟವರೂ ಅವರೇ.

ಟ್ಯೂಷನ್ ಮುಗಿಯುವ ಹೊತ್ತಿಗೆ ಏಳು ಗಂಟೆ. ನಂಜನಗೂಡಿನಲ್ಲಿ ಊಟ, ಬೇಗೂರಿನ ಬಳಿ ಮಳೆ. ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿಯ ಅರಣ್ಯ ತಪಾಸಣಾ ಗೇಟಿನ ಮುಂದೆ ಕಾರು ನಿಂತಾಗ ಒಂಬತ್ತು ದಾಟಿ ಏಳು ನಿಮಿಷ. ಗೇಟು ಇಳಿದಿತ್ತು.

ಅಪ್ಪ ಮೊಬೈಲು ತೆಗೆದು ಊಟಿಯ ಇ-ಪಾಸ್ ತೋರಿಸಿದರು. 2024ರ ಮೇ ತಿಂಗಳಿನಿಂದ ಊಟಿಗೆ ಹೋಗುವ ಹೊರಗಿನ ವಾಹನಗಳಿಗೆ ಅದು ಬೇಕೆಂಬುದು ಅವರಿಗೆ ನೆನಪಿತ್ತು. ನಡುವೆ ಒಂದು ಕಾಡಿದೆ, ಅದಕ್ಕೂ ಒಂದು ಗಡಿಯಾರವಿದೆ ಎಂಬುದು ಮರೆತುಹೋಗಿತ್ತು.

‘ಬೆಳಗ್ಗೆ ಆರಕ್ಕೆ ಬನ್ನಿ ಸಾರ್’ ಎಂದ ಕಾವಲುಗಾರ.

‘ಬರೀ ಏಳು ನಿಮಿಷ ಕಣ್ರೀ!’

‘ನಿಮಗೆ ಏಳು ನಿಮಿಷ. ನಿಮ್ಮ ಹಿಂದಿನವರಿಗೆ ಹತ್ತು, ಅವರ ಹಿಂದಿನವರಿಗೆ ಕಾಲು ಗಂಟೆ. ಆಮೇಲೆ ಆನೆ ಯಾವಾಗ ದಾಟಬೇಕು ಸಾರ್?’

ಅದಕ್ಕೆ ಉತ್ತರವಿರಲಿಲ್ಲ. ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುವ ಎರಡು ಹೆದ್ದಾರಿಗಳಲ್ಲಿ, ಒಂದು ಊಟಿಗೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ, ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಾತ್ರಿ ಚಕ್ರಕ್ಕೆ ಸಿಕ್ಕಿ ಜಿಂಕೆ, ಚಿರತೆ, ಆನೆಗಳು ಸಾಯುತ್ತಿದ್ದುದರಿಂದ 2009ರಲ್ಲಿ ಬಂದ ಈ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಂಗಡಿಗೆ, ಬ್ಯಾಂಕಿಗೆ ಬಾಗಿಲು ಹಾಕುವ ಹೊತ್ತಿದ್ದಂತೆ ಕಾಡಿಗೂ ಒಂದಿದೆ.

ಕಾರು ಹಿಂದಕ್ಕೆ ತಿರುಗಿತು. ಗುಂಡ್ಲುಪೇಟೆಯ ಒಂದು ವಸತಿಗೃಹದಲ್ಲಿ ನಾಲ್ವರಿಗೂ ಸೇರಿ ಒಂದೇ ಕೋಣೆ ಸಿಕ್ಕಿತು. ಅಪ್ಪ ಚೀಟಿ ತೆಗೆದು ಗಂಟೆಗಳನ್ನು ತಿದ್ದತೊಡಗಿದರು. ಮೂರು ಜಾಗ ಹೊಡೆದುಹಾಕಿದ ಮೇಲೂ ಲೆಕ್ಕ ಕೂಡಲಿಲ್ಲ. ‘ಊಟಿ ಎಲ್ಲಿಗೂ ಓಡಿಹೋಗಲ್ಲ ರೀ. ನಾಳೆ ಇಲ್ಲೇ ಏನಿದೆಯೋ ನೋಡೋಣ’ ಎಂದು ಅಮ್ಮ ದೀಪ ಆರಿಸಿಬಿಟ್ಟರು.

ಬೆಳಗ್ಗೆ ಹಂಗಳದ ಮೇಲೆ ಹಾದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಬಂದರು. ಅಲ್ಲಿಯೂ ಒಂದು ಗೇಟು! ಖಾಸಗಿ ವಾಹನಗಳನ್ನು ಅಲ್ಲಿಯೇ ಬಿಟ್ಟು ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಮೇಲೆ ಹೋಗಬೇಕು. 1454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಕಾಡಿನೊಳಗೇ ಇದೆ. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿ ವನ್ಯಜೀವಿಗಳಿಗಾಗಿ 90 ಚದರ ಕಿ.ಮೀ. ಕಾಡನ್ನು ಕಾಯ್ದಿರಿಸಿದಾಗ ಅದಕ್ಕೆ ಇಟ್ಟ ಹೆಸರು ಬೆಟ್ಟದ ಮೇಲಿನ ದೇವರದ್ದೇ, ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಮೇಲೆ ಬರೀ ಮಂಜು. ದೇವಸ್ಥಾನದ ಗೋಪುರವೇ ಹತ್ತು ಹೆಜ್ಜೆ ಹತ್ತಿರ ಹೋದ ಮೇಲೆ ಕಂಡಿತು. ಕೊಳಲೂದುವ ಗೋಪಾಲನ ದರ್ಶನ ಮುಗಿಸಿ ಹೊರಗೆ ಬಂದರೆ ಗಾಳಿ ಕಿವಿಯನ್ನೇ ಕಿತ್ತುಕೊಂಡು ಹೋಗುವಂತಿತ್ತು. ‘ಏನೂ ಕಾಣಲ್ವಲ್ಲಮ್ಮಾ’ ಎಂದ ಮಗ. ‘ನೋಡೋಕೆ ಏನೂ ಇಲ್ಲ ಅಂದಮೇಲೆ ಕೂತ್ಕೋ’ ಎಂದರು ಅಮ್ಮ.

ನಾಲ್ವರೂ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತರು. ಮುಂದಿನ ಬಸ್ಸು ತುಂಬುವವರೆಗೆ ಮಾಡುವುದಕ್ಕೆ ಕೆಲಸವಿರಲಿಲ್ಲ. ಚೀಟಿ ನೋಡಿ ಹೊರಡಿಸುವವರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳು, ಯಾರ ಮುಖವನ್ನೂ ನೋಡದೆ, ‘ಅಮ್ಮಾ, ನನಗೆ ಒಂದು ತಿಂಗಳಿಂದ ರಾತ್ರಿ ನಿದ್ದೆ ಬರ್ತಿಲ್ಲ’ ಎಂದಳು. ಪುಸ್ತಕ ಮುಚ್ಚಿದರೆ ಭಯ, ತೆರೆದರೆ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಆರಕ್ಕೆ ಒಂದು ಟ್ಯೂಷನ್, ಸಂಜೆ ಐದಕ್ಕೆ ಇನ್ನೊಂದು. ನಡುವಿನ ಕಾಲೇಜಿನಲ್ಲಿ ಕಣ್ಣು ತೂಗುತ್ತದೆ. ಪರೀಕ್ಷೆಯ ದಿನ ಗೊತ್ತಿದ್ದ ಲೆಕ್ಕವೇ ಮರೆತುಹೋಗಿತ್ತು. ಅಮ್ಮ ಅವಳ ಕೈಯನ್ನು ತಮ್ಮ ಶಾಲಿನೊಳಗೆ ಎಳೆದುಕೊಂಡರು. ಅಪ್ಪ ಕೇಳಿಸಿಕೊಂಡರು, ಆದರೆ ಏನೂ ಹೇಳಲಿಲ್ಲ.

ಆಗ ಮಂಜು ಒಂದೆಡೆ ಸರಿಯಿತು. ಹಸಿರು ಹುಲ್ಲಿನ ಇಳಿಜಾರು, ಅದರ ಮಡಿಕೆಗಳಲ್ಲಿ ಕಪ್ಪಗೆ ಶೋಲಾ ಕಾಡು, ದೂರದಲ್ಲಿ ನಾಲ್ಕೈದು ಕಂದು ಚುಕ್ಕೆ. ‘ಕಾಟಿ’ ಎಂದರು ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರು. ಎರಡು ನಿಮಿಷಕ್ಕೆ ಎಲ್ಲವೂ ಮತ್ತೆ ಮುಚ್ಚಿಕೊಂಡಿತು.

ಬೆಟ್ಟ ಇಳಿದು ಬಂದರೆ ಬೇರೆಯೇ ಲೋಕ. ಜೂನ್ ಕೊನೆಯಿಂದ ಆಗಸ್ಟಿನವರೆಗೆ ಗುಂಡ್ಲುಪೇಟೆಯ ಸುತ್ತ ಹೊಲಗಳೆಲ್ಲ ಸೂರ್ಯಕಾಂತಿ, ಚೆಂಡು ಹೂವು. ರಸ್ತೆ ಬದಿಯಲ್ಲಿ ಕೇರಳದ ಕಾರುಗಳ ಸಾಲು. ಹೊಲದ ಬದುವಿನಲ್ಲಿ ಕೂತ ಹೆಂಗಸೊಬ್ಬಳು ಒಳಗೆ ಹೋಗುವವರಿಗೆ ತಲೆಗೆ ಇಪ್ಪತ್ತು ರೂಪಾಯಿ ಕೇಳುತ್ತಿದ್ದಳು.

‘ಹೂವು ನೋಡೋಕೂ ದುಡ್ಡಾ?’ ಎಂದರು ಅಪ್ಪ.

‘ನೋಡಕ್ಕೆ ಕಾಸಿಲ್ಲ ಸಾ, ರಸ್ತೇಲಿ ನಿಂತ್ಕಂಡು ಎಷ್ಟೊತ್ತಾದ್ರೂ ನೋಡಿ. ಒಳಕ್ಕೆ ಓದ್ರೆ ಕಾಸು. ನೀವು ತುಳ್ದ ಗಿಡ ಎದ್ದು ನಿಂತದಾ?’

ಅಪ್ಪ ಎಂಬತ್ತು ರೂಪಾಯಿ ಕೊಟ್ಟರು. ಸೂರ್ಯಕಾಂತಿ ಎಣ್ಣೆಗೆ ಹೋಗುತ್ತದೆ, ಚೆಂಡು ಹೂವು ಬಣ್ಣ ತೆಗೆಯುವ ಕಾರ್ಖಾನೆಗೆ. ಅಮ್ಮ ಮಕ್ಕಳಿಗೆ ಇನ್ನೊಂದು ವಿಷಯ ಹೇಳಿದರು. ಈ ಎರಡು ಹೂವುಗಳ ಮೂಲವೂ ಅಮೆರಿಕ ಖಂಡ. ದೂರದಿಂದ ಬಂದು ಈ ಮಣ್ಣಿಗೆ ಹೊಂದಿಕೊಂಡು ರೈತನ ಕೈಗೆ ನಾಲ್ಕು ಕಾಸು ಕೊಟ್ಟ ಅತಿಥಿಗಳು. ಅದೇ ಕಡೆಯಿಂದ, ವೆಸ್ಟ್ ಇಂಡೀಸ್ ದ್ವೀಪಗಳೂ ಸೇರಿದ ಅಮೆರಿಕದ ಉಷ್ಣವಲಯದಿಂದ, ತೋಟದ ಅಂದಕ್ಕೆಂದು ತಂದ ಇನ್ನೊಂದು ಗಿಡ ಲಂಟಾನ. ಅದು ಬಂಡೀಪುರದ ನೆಲವನ್ನೆಲ್ಲ ಕವಿದು ಜಿಂಕೆಗೆ, ಕಾಟಿಗೆ ಹುಲ್ಲಿಲ್ಲದಂತೆ ಮಾಡಿದೆ. ಬೇಸಿಗೆಯಲ್ಲಿ ಬೆಂಕಿಗೆ ಸೌದೆಯಾಗುವುದೂ ಅದೇ. ‘ಬಂದವರೆಲ್ಲ ಒಂದೇ ಥರ ಇರಲ್ಲ’ ಎಂದು ಅಮ್ಮ ಪಾಠ ಮುಗಿಸಿದರು. ಮಗ ಬದುವಿನ ಮೇಲೆಯೇ ಕಾಲಿಟ್ಟು ಹೊರಗೆ ಬಂದ.

ಮಧ್ಯಾಹ್ನ ತೆರಕಣಾಂಬಿಯ ಮೇಲೆ ಚಾಮರಾಜನಗರ. ಹಿಂದೆ ಅರಿಕುಠಾರ ಎಂದಿದ್ದ ಈ ಊರಿನಲ್ಲಿ ಹುಟ್ಟಿದವರು ಖಾಸಾ ಚಾಮರಾಜ ಒಡೆಯರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1818ರಲ್ಲಿ ಊರಿಗೆ ಅವರ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದ ಜನನ ಮಂಟಪವೂ ಇದೆ. ಆಷಾಢದಲ್ಲಿ ಬೇರೆ ಕಡೆ ಶುಭಕಾರ್ಯವಿಲ್ಲ, ಹೊಸ ದಂಪತಿಗಳನ್ನು ಬೇರೆ ಬೇರೆ ಇಡುವ ರೂಢಿ. ಇಲ್ಲಿ ಮಾತ್ರ ಆಷಾಢದಲ್ಲೇ ತೇರು, ಅದಕ್ಕೆ ಹಣ್ಣು-ದವನ ಎಸೆಯಲು ಬರುವವರು ಹೊಸದಾಗಿ ಮದುವೆಯಾದವರೇ. 2017ರಲ್ಲಿ ಯಾರೋ ಹಚ್ಚಿದ ಬೆಂಕಿಗೆ ತೇರು ಹಾಳಾಗಿ ಐದು ವರ್ಷ ಉತ್ಸವ ನಿಂತಿತ್ತು. ಹೊಸ ತೇರು ಬಂದು 2022ರಲ್ಲಿ ಮತ್ತೆ ಎಳೆದರು. ಈ ಸಂಸಾರ ಹೋದಾಗ ಆ ವರ್ಷದ ತೇರು ಅದೇ ವಾರ ಮುಗಿದಿತ್ತು.

ಈ ಊರಿಗೆ ಇನ್ನೊಂದು ಕೀರ್ತಿಯೂ ಇತ್ತು. ಇಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ಎಷ್ಟೋ ಜನ ಮುಖ್ಯಮಂತ್ರಿಗಳು ಇತ್ತ ತಲೆ ಹಾಕಿರಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷವನ್ನೂ ಪೂರೈಸಿದರು. ‘ಹಾಗಾದ್ರೆ 19 ಬಂದ್ರೂ ಏನೂ ಆಗಲ್ಲ ಬಿಡಕ್ಕಾ’ ಎಂದ ಮಗ. ಆ ವಾರದಲ್ಲಿ ಮೊದಲ ಸಲ ಮಗಳು ನಕ್ಕಳು. ಅಪ್ಪನೂ ನಕ್ಕರು.

ಸಂಜೆ ಒಂದು ಶಾಲೆಯ ಬಯಲಿನಲ್ಲಿ ಹುಡುಗರು ಬೀಸು ಕಂಸಾಳೆ ಅಭ್ಯಾಸ ಮಾಡುತ್ತಿದ್ದರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೆನ್ನ ಹಿಂದೆ, ತಲೆಯ ಮೇಲೆ ಬೀಸಿ ತಂದು ಲಯ ತಪ್ಪದೆ ಬಟ್ಟಲಿಗೆ ಹೊಡೆಯಬೇಕು. ಮಲೆಯ ಮಾದಪ್ಪನ ಕಥೆಯನ್ನು ಹಾಡುವ ದೇವರ ಗುಡ್ಡರ ಕೈಯಲ್ಲಿ ಬೆಳೆದ ಕಲೆ ಇದು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಗಳನ್ನು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ನೀಲಗಾರರದ್ದೂ ಇದೇ ಸೀಮೆ. ಮಗ ಒಂದು ಸಲ ಬೀಸಿ ಮೊಣಕೈಗೆ ಏಟು ತಿಂದುಕೊಂಡ. ‘ನಮಗೂ ಮೊದಲ ವರ್ಷ ಬರೀ ಏಟೇ’ ಎಂದ ಹುಡುಗನೊಬ್ಬ. ಮೊದಲ ವರ್ಷ ಬರೀ ಏಟು ಎಂಬ ಮಾತನ್ನು ಅವನು ಹೇಳಿದ್ದು ಸಂತೋಷವಾಗಿಯೇ.

ಭಾನುವಾರ ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕೊರೆದ ಬಳೆ ಸರಪಣಿಗಳನ್ನು ನೋಡಿ ಬಿಳಿಗಿರಿರಂಗನ ಬೆಟ್ಟ ಹತ್ತಿದರು. ಅಲ್ಲಿನ ಸೋಲಿಗರಿಗೆ ರಂಗನಾಥ ದೇವರಷ್ಟೇ ಅಲ್ಲ, ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು. ಕಾಡಿನೊಳಗಿನ ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರೇ. ದೇವಸ್ಥಾನದ ಹತ್ತಿರ ಜೇನು ಮಾರುತ್ತಿದ್ದ ಮುದುಕರೊಬ್ಬರು, ಹುಟ್ಟಿನ ಒಂದು ಪಾಲನ್ನು ಹುಳುಗಳಿಗೇ ಬಿಟ್ಟು ಬರುವುದು ತಮ್ಮ ಪದ್ಧತಿ ಎಂದರು. ಹಿಂದೆ ‘ತರಗು ಬೆಂಕಿ’ ಎಂದು ವರ್ಷದ ಮೊದಲಲ್ಲೇ ಒಣಗಿದೆಲೆಯನ್ನು ಸಣ್ಣಗೆ ಸುಡುತ್ತಿದ್ದರಂತೆ. ಅದು ನಿಂತ ಮೇಲೆ ಲಂಟಾನ ತಲೆ ಎತ್ತಿತು ಎಂಬುದು ಅವರ ಮಾತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರ ಸಮುದಾಯಕ್ಕೆ ಕಾಡಿನ ಹಕ್ಕುಪತ್ರ ಸಿಕ್ಕಿದ್ದೂ ಅದೇ ವರ್ಷ. ಹುಲಿ ಕಾಡಿನೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು.

ಮಗನಿಗೆ ಹುಲಿ ಕಾಣಲಿಲ್ಲವೆಂಬ ಕೊರಗು ಇದ್ದೇ ಇತ್ತು. ಹುಲಿಯ ಸುದ್ದಿ ಆ ವರ್ಷ ಬೇರೆ ರೀತಿಯಲ್ಲಿ ಬಂದಿತ್ತು. ಜೂನ್ ತಿಂಗಳಲ್ಲಿ ಇದೇ ಜಿಲ್ಲೆಯ ಮಲೆ ಮಹದೇಶ್ವರ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷಕ್ಕೆ ಸತ್ತಿದ್ದವು. ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೋ ತೆಗೆಯಲು ಇಳಿದ ಪ್ರವಾಸಿಯನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು, 25,000 ರೂಪಾಯಿ ದಂಡ ಬಿತ್ತು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಲಾಯಿತು. ಈ ಕಡೆಗೆ ಹೊರಡುವವರು ಸಫಾರಿಯ ವಿಷಯ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದಿಲ್ಲದಿದ್ದರೂ ನೋಡುವುದಕ್ಕೆ, ಕೇಳುವುದಕ್ಕೆ, ಸುಮ್ಮನೆ ಕೂರುವುದಕ್ಕೆ ಎರಡು ದಿನ ಸಾಲದಷ್ಟಿದೆ.

ಭಾನುವಾರ ರಾತ್ರಿ ಎಂಟಕ್ಕೆ ಸಂಸಾರ ಮೈಸೂರು ಸೇರಿತು. ಗಣಿತದ ಗೈಡು ಸ್ವೆಟರಿನ ಕೆಳಗೆ ಇಟ್ಟಲ್ಲೇ ಇತ್ತು. ಮಗಳು ಅದನ್ನು ತೆಗೆದು ಮೇಜಿನ ಮುಂದೆ ಕೂತಳು. ಊಟವಾಗಿ ಪಾತ್ರೆಯ ಸದ್ದು ನಿಂತ ಮೇಲೆ ಅಪ್ಪ ಗಡಿಯಾರ ನೋಡಿ, ‘ಒಂಬತ್ತಾಯ್ತು. ಈಗ ಗೇಟು ಇಳಿಸಿರ್ತಾರೆ’ ಎಂದರು.

ಯಾರೂ ಮಾತನಾಡಲಿಲ್ಲ. ಅಪ್ಪ ಎದ್ದು ಬಂದು ಗೈಡನ್ನು ಮುಚ್ಚಿದರು. ‘ಬೆಳಗ್ಗೆ ಆರರ ಟ್ಯೂಷನ್ನಿಗೆ ನಾಳೆಯಿಂದ ಹೋಗಬೇಡ. ಸಂಜೆಯದು ಸಾಕು. ಲೆಕ್ಕ ಬರದಿದ್ದರೆ ನಾವಿಬ್ಬರೂ ಕೂತು ಮಾಡೋಣ, ಆದರೆ ಒಂಬತ್ತರೊಳಗೆ.’

ಮಗಳು ದೀಪ ಆರಿಸಿ ಹೋಗಿ ಮಲಗಿದಳು. ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅಮ್ಮ ಎಬ್ಬಿಸಲು ಹೋದಾಗಲೂ ಅವಳಿಗೆ ಗಾಢ ನಿದ್ದೆ. ಅಮ್ಮ ಇನ್ನು ಹತ್ತು ನಿಮಿಷ ಬಿಟ್ಟು ಬರೋಣವೆಂದು ಬಾಗಿಲು ಮುಂದೆ ಮಾಡಿ ಬಂದರು.