ಮೂವತ್ತೆಂಟು ತಲೆ

ಮಕ್ಕಳನ್ನು ಎಣಿಸಬಾರದು, ದೃಷ್ಟಿ ಆಗ್ತದ ಅಂತ ನಮ್ಮ ಅತ್ತೆ ಹೇಳುತ್ತಾರೆ. ಆದರೆ 2023ರ ಜುಲೈನಲ್ಲಿ ನಾವು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮಕ್ಕಳನ್ನು ಎಣಿಸಿದೆವು. ಒಂದು ಸಲ ಲೆಕ್ಕ ತಪ್ಪಿತು. ಅದನ್ನೇ ಇವತ್ತು ಬರೆಯುತ್ತಿದ್ದೇವೆ.

ನಾವು ಅಂದರೆ ಗಂಡ ಹೆಂಡತಿ. ಒಬ್ಬರು ಪತ್ರಿಕೆಗೆ ಜಿಲ್ಲೆಯ ಸುದ್ದಿ ಕಳಿಸುವ ಸ್ಟ್ರಿಂಗರ್, ಇನ್ನೊಬ್ಬರು ಅತಿಥಿ ಶಿಕ್ಷಕಿ. ಅದುವರೆಗೆ ನಾವು ನೋಡಿದ್ದ ಅತಿ ದೂರದ ಊರು ಗೋವಾ. ಅಕ್ಕನ ಗಂಡ ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅಕ್ಕನಿಗೆ ಎರಡನೇ ಹೆರಿಗೆ. ಬಾಣಂತನಕ್ಕೆ ಅತ್ತೆ ಹೋಗಲೇಬೇಕು. ಆದರೆ ಅವರಿಗೆ ವಿಮಾನದ ಭಯ, ಇಂಗ್ಲಿಷ್ ಬಾರದು, ಲಂಡನ್‌ನಲ್ಲಿ ಬೇರೆ ವಿಮಾನ ಹತ್ತಬೇಕು. ಭಾವನೇ ಟಿಕೆಟ್ ತೆಗೆಸಿ, ಅತ್ತೆಯನ್ನು ಕರೆತರಲು ನಮ್ಮಿಬ್ಬರನ್ನೂ ಕರೆಸಿಕೊಂಡರು.

ಆಂಟಿಗುವಾ ಪುಟ್ಟ ದ್ವೀಪ. ವಿಸ್ತೀರ್ಣ 280 ಚದರ ಕಿಲೋಮೀಟರ್, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳುತ್ತಾರೆ, ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ಸುತ್ತ ನೀರು, ಕುಡಿಯಲು ಬರ. ಒಣಭೂಮಿಯವರಾದ ನಮಗೆ ಈ ಸಂಕಟ ಅರ್ಥವಾಯಿತು. ಅಲ್ಲಿನ ಫೂಂಜಿ ಎಂಬ ಊಟವೂ ಅರ್ಥವಾಯಿತು. ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಹಾಕಿ ಕುದಿಸಿ ತಿರುವಿ ಉಂಡೆ ಕಟ್ಟುತ್ತಾರೆ. ಅತ್ತೆ ಒಂದು ತುತ್ತು ತಿಂದು, "ಇದು ಮುದ್ದಿನ ಅಲ್ಲೇನು?" ಎಂದರು.

ಅಲ್ಲಿನ ಹೆಚ್ಚಿನ ಜನ ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು. 1834ರ ಆಗಸ್ಟ್ 1ರಂದು ಅವರಿಗೆ ಬಿಡುಗಡೆ ಸಿಕ್ಕಿತು. ಈಗ ಕಬ್ಬೂ ಇಲ್ಲ, ಸಕ್ಕರೆ ಕಾರ್ಖಾನೆಯೂ ಇಲ್ಲ. ಪ್ರವಾಸಿಗರೇ ಅನ್ನ. ಅಪ್ಪ ಅಮ್ಮ ಹೋಟೆಲಿನ ಶಿಫ್ಟ್‌ಗೆ ಹೋಗುತ್ತಾರೆ. ಜುಲೈ ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಹಾಗಾದರೆ ಮಕ್ಕಳು ಎಲ್ಲಿ ಹೋಗಬೇಕು?

ಇದಕ್ಕೆ ಅಲ್ಲಿನ ಉತ್ತರ ಬೇಸಿಗೆ ಶಿಬಿರ. ಅಕ್ಕನ ಮಗ ಹೋಗುತ್ತಿದ್ದ ಶಿಬಿರ ಊರಿನ ಸಮುದಾಯ ಭವನದಲ್ಲಿತ್ತು. ಆರರಿಂದ ಹನ್ನೆರಡು ವರ್ಷದ 38 ಮಕ್ಕಳು, ಐದು ಮಂದಿ ಸ್ವಯಂಸೇವಕರು. ನಿವೃತ್ತ ನರ್ಸ್ ಒಬ್ಬರು, ಒಬ್ಬ ಮೀನುಗಾರ, ಒಬ್ಬ ಬಡಗಿ ಹುಡುಗ, ಇಬ್ಬರು ಕಾಲೇಜು ಹುಡುಗಿಯರು. ಯಾರಿಗೂ ಸಂಬಳವಿಲ್ಲ. ಮಗುವನ್ನು ಬಿಡಲು ಹೋದ ಮೊದಲ ದಿನವೇ ನರ್ಸಮ್ಮ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಇಬ್ಬರೂ ಮನೆಯಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದರು. ಏನೂ ಇಲ್ಲ ಎಂದೆವು. ಅಲ್ಲಿಗೆ ನಮ್ಮ ಕೆಲಸ ಖಾತ್ರಿಯಾಯಿತು.

ನಮ್ಮ ಕಡೆ ಬೇಸಿಗೆ ಶಿಬಿರ ಎಂದರೆ ಚಿತ್ರಕಲೆ, ಯೋಗ, ಕೊನೆಯ ದಿನ ಅತಿಥಿಗಳ ಭಾಷಣ. ನಾವೂ ಅಂಥ ಎಷ್ಟೋ ಸುದ್ದಿ ಬರೆದಿದ್ದೇವೆ. ಅಲ್ಲಿಯೂ ಆಟ ಇತ್ತು, ಕ್ರಿಕೆಟ್ ಇತ್ತು. ಜುಲೈ ಕೊನೆಗೆ ಕಾರ್ನಿವಲ್ ಹಬ್ಬವಾದ್ದರಿಂದ ರಟ್ಟು, ಬಣ್ಣದ ಕಾಗದ ಕತ್ತರಿಸಿ ಕಿರೀಟ ಮಾಡುವ ಕೆಲಸ ಇತ್ತು. ಆದರೆ ದಿನ ಶುರುವಾಗುತ್ತಿದ್ದದ್ದು ಎಣಿಕೆಯಿಂದ. ಬಂದ ಕೂಡಲೇ ಎಣಿಕೆ, ತಿಂಡಿಗೆ ಮುಂಚೆ ಎಣಿಕೆ, ತಿಂಡಿ ಆದ ಮೇಲೆ ಎಣಿಕೆ, ಬಾಗಿಲು ದಾಟುವಾಗ ಎಣಿಕೆ. ಮೊದಲ ಎರಡು ದಿನ ನಮಗೆ ನಗು ಬಂತು. ಇದೇನು ಮಕ್ಕಳೋ ಕುರಿ ಮಂದೆಯೋ ಅಂತ.

ಮಂಗಳವಾರ, ಗುರುವಾರ ಸಮುದ್ರ. ದ್ವೀಪದಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಎಂದುಕೊಂಡಿದ್ದೆವು. ಆ ಶಿಬಿರದ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಬರುತ್ತಿರಲಿಲ್ಲ. ಸಮುದ್ರ ಪಕ್ಕದಲ್ಲೇ ಇದ್ದರೂ ಕಲಿಸಲು ಮನೆಯವರಿಗೆ ಪುರುಸೊತ್ತು ಬೇಕಲ್ಲ?

ನೀರಿನ ವ್ಯವಸ್ಥೆ ಮೀನುಗಾರನದು. ಅಲೆ ಶಾಂತವಾಗಿರುವ ಪಶ್ಚಿಮದ ದಂಡೆಗೇ ಹೋಗುತ್ತಿದ್ದೆವು. ಅವನು ಮೊದಲು ಒಬ್ಬನೇ ನೀರಿಗಿಳಿದು ಹಗ್ಗ ಕಟ್ಟುತ್ತಿದ್ದ. ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿಗಳು. ಆ ಸಾಲು ದಾಟಬಾರದು. ದೊಡ್ಡವರು ಆಳದ ಕಡೆ ಬೆನ್ನು ಹಾಕಿ, ಮಕ್ಕಳ ಕಡೆ ಮುಖ ಮಾಡಿ ಸೊಂಟದ ನೀರಿನಲ್ಲಿ ನಿಲ್ಲಬೇಕು. ಪ್ರತಿ ಮಗುವಿಗೂ ಒಂದು ಜೋಡಿ. ನರ್ಸಮ್ಮ ದಂಡೆಯ ಮೇಲೆ ನಿಂತು ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದುತ್ತಾರೆ. ಊದಿದಾಗ ಜೋಡಿಗಳು ಕೈ ಕೈ ಹಿಡಿದು ಮೇಲೆತ್ತಿ ನಿಲ್ಲಬೇಕು. ಆಗ ಎಣಿಕೆ. ನಾವು ಬರುವ ಮುಂಚೆ ಜನ ಸಾಲದೆ ಅರ್ಧ ಮಕ್ಕಳನ್ನು ಮಾತ್ರ ಒಂದು ಸಲಕ್ಕೆ ಇಳಿಸುತ್ತಿದ್ದರಂತೆ. ನಾವು ಸೇರಿದ ಮೇಲೆ 38 ಮಂದಿಯೂ ಒಟ್ಟಿಗೆ ಇಳಿದರು. ನಮ್ಮಿಬ್ಬರ ಪಾಲಿಗೆ ಹತ್ತು ಮಕ್ಕಳು, ಐದು ಜೋಡಿ.

ಮೊದಲ ಪಾಠ ಕೈಕಾಲು ಬಡಿಯುವುದಲ್ಲ. ನೀರಿನಲ್ಲಿ ಮುಖ ಇಟ್ಟು ಗುಳ್ಳೆ ಬಿಡುವುದು. ಆಮೇಲೆ ಬೆನ್ನ ಮೇಲೆ ಮಲಗಿ ತೇಲುವುದು. ಮೂರನೆಯದು ನಮಗೆ ಹೊಸದು. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬಾರದು. ದಂಡೆಯಲ್ಲೇ ಮಲಗಿ ಕೋಲು ಚಾಚಬೇಕು, ಇಲ್ಲವೇ ಖಾಲಿ ಬಾಟಲಿ ಕಟ್ಟಿದ ಹಗ್ಗ ಎಸೆಯಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು. ಮಕ್ಕಳು ಗುರಿ ಇಟ್ಟು ಬಾಟಲಿ ಎಸೆಯುವ ಪಂದ್ಯ ಆಡುತ್ತಿದ್ದರು.

ನಾವು ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು. ಹಿಂದಿನಿಂದ ಯಾರೋ ನೂಕುತ್ತಿದ್ದರು, ಬದುಕಿದವರು ಈಜುಗಾರರು. ಯಾರೂ ನಮ್ಮನ್ನು ಎಣಿಸಿರಲಿಲ್ಲ.

ಮೀನುಗಾರ ನಮಗೆ ಬೇಗ ಗೆಳೆಯನಾದ. ಕರ್ನಾಟಕ ಎಂದರೆ ಅವನಿಗೆ ಗೊತ್ತಾಗಲಿಲ್ಲ. ಬೆಂಗಳೂರು ಎಂದಾಗ, "ಕುಂಬ್ಳೆ!" ಎಂದು ತನ್ನ ದವಡೆ ಹಿಡಿದುಕೊಂಡ. 2002ರ ಮೇ ತಿಂಗಳಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾನನ್ನು ಔಟ್ ಮಾಡಿದ್ದು ಅದೇ ದ್ವೀಪದ ಸೇಂಟ್ ಜಾನ್ಸ್ ಮೈದಾನದಲ್ಲಿ. ಅವನು ಆ ದಿನ ಅಲ್ಲಿದ್ದನಂತೆ. ಅಂದಿನಿಂದ ನಮ್ಮ ಹೆಸರೇ ಕುಂಬ್ಳೆ.

ಮೂರನೇ ವಾರದ ಗುರುವಾರ. ಬಿಸಿಲು ಚೆನ್ನಾಗಿತ್ತು, ನೀರು ಹಸಿರು ಗಾಜಿನ ಹಾಗಿತ್ತು. ನಮ್ಮ ಗುಂಪಿನ ಮಕ್ಕಳು ನೀರು ಎರಚಾಡುತ್ತಿದ್ದರು. ಇಂಥ ಫೋಟೊ ಮತ್ತೆ ಸಿಗದು ಅನ್ನಿಸಿತು. ಪತ್ರಕರ್ತರ ಚಟ. ಫೋನು ದಂಡೆಯ ಬಕೆಟ್ಟಿನಲ್ಲೇ ಇರಬೇಕು ಎಂಬುದು ಅಲ್ಲಿನ ನಿಯಮ. ನಾವು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದೆವು. ನಮ್ಮಲ್ಲಿ ಒಬ್ಬರು ಫೋನು ಹಿಡಿದರು, ಇನ್ನೊಬ್ಬರು ಮಕ್ಕಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ಎಂಟು ಹತ್ತು ಫೋಟೊ ತೆಗೆದಿರಬಹುದು. ಸೀಟಿ ಬಿತ್ತು. ಕೈಗಳು ಮೇಲೆದ್ದವು. ನರ್ಸಮ್ಮ ಎಣಿಸಿದರು, ಮತ್ತೆ ಎಣಿಸಿದರು.

ಮೂವತ್ತೇಳು.

ನಮ್ಮ ಗುಂಪಿನಲ್ಲೇ ಒಂದು ಕೈ ಒಂಟಿಯಾಗಿ ನಿಂತಿತ್ತು. ಎಂಟು ವರ್ಷದ ಹುಡುಗಿ. ಅವಳ ಜೋಡಿ, ಏಳು ವರ್ಷದ ಹುಡುಗ, ಇಲ್ಲ.

ಆ ಹೊತ್ತಿನಲ್ಲಿ ನಮಗೆ ಏನಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ತಲೆಯೊಳಗೆ ಸುದ್ದಿ ತಾನಾಗಿಯೇ ಬರೆದುಕೊಳ್ಳತೊಡಗಿತು. ಬಾಲಕ ನೀರುಪಾಲು. ವಯಸ್ಸು ಏಳು. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ನಾವು ಊರಿನಿಂದ ಇದೇ ನಾಲ್ಕು ಸಾಲು ಕಳಿಸುತ್ತೇವೆ. ಕೃಷಿ ಹೊಂಡ, ಕಾಲುವೆ, ಕಲ್ಲು ಕ್ವಾರಿ, ಇದರಲ್ಲಿ ಒಂದು. ಹೆಸರು, ವಯಸ್ಸು, ಊರು, ಪ್ರಕರಣ ದಾಖಲು. ಒಂದು ವರ್ಷ ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ ಹೊಂಡದಲ್ಲಿ ಹೋದರು. ತಮ್ಮ ಜಾರಿದ, ಎತ್ತಲು ಅಣ್ಣ ಹಾರಿದ. ನಾವು ಹೋಗಿ ತಾಯಿಯ ಫೋಟೊ ತೆಗೆದುಕೊಂಡು ಬಂದೆವು. ಹೊಂಡಕ್ಕೆ ಬೇಲಿ ಇತ್ತೇ ಎಂದು ಯಾರನ್ನೂ ಕೇಳಲಿಲ್ಲ.

ನರ್ಸಮ್ಮ ಕಿರುಚಲಿಲ್ಲ. ಉದ್ದ ಸೀಟಿ ಒಂದು ಊದಿದರು. ಮಕ್ಕಳೆಲ್ಲ ದಂಡೆಗೆ ಬಂದು ಮರಳಿನ ಮೇಲೆ ಕೂತರು. ಕಾಲೇಜು ಹುಡುಗಿಯೊಬ್ಬಳು ಅವರ ಬಳಿ ನಿಂತಳು. ಉಳಿದವರು ಕೈ ಕೈ ಹಿಡಿದು ಸಾಲಾಗಿ, ಕಾಲಲ್ಲಿ ನೆಲ ತಡವುತ್ತಾ ನೀರಿನಲ್ಲಿ ನಡೆದೆವು. ಮೀನುಗಾರ ಹಗ್ಗದ ಆಚೆ ಮುಳುಗಿ ಮುಳುಗಿ ಏಳುತ್ತಿದ್ದ. ಪ್ರತಿ ಹೆಜ್ಜೆಗೂ ಕಾಲಿಗೆ ಏನು ತಾಗುತ್ತದೋ ಎಂಬ ಭಯ. ಅಷ್ಟರಲ್ಲಿ ನರ್ಸಮ್ಮ ಆ ಹುಡುಗಿಯ ಮುಂದೆ ಮಂಡಿಯೂರಿ ಕೂತು, "ನಿನಗೆ ಬೈಯುವುದಿಲ್ಲ, ಅವನು ಎಲ್ಲಿ ಹೋದ ಹೇಳು" ಎಂದರು. ಜೋಡಿ ಬಿಟ್ಟು ಹೋಗಬಾರದೆಂಬ ನಿಯಮ ಮುರಿದದ್ದಕ್ಕೆ ಹೆದರಿ ಅವಳು ಬಾಯಿ ಬಿಟ್ಟಿರಲಿಲ್ಲ. ಈಗ ಕೈ ತೋರಿಸಿದಳು. ದಂಡೆಯ ಮೇಲೆ ಬೋರಲು ಹಾಕಿದ್ದ ದೋಣಿಯ ಕಡೆ.

ದೋಣಿಯ ಹಿಂದೆ ನಮ್ಮ ಚೀಲ ಇತ್ತು. ಚೀಲದಲ್ಲಿ ಅತ್ತೆ ಕರಿದು ಕೊಟ್ಟ ಚಕ್ಕುಲಿಯ ಡಬ್ಬಿ. ಹುಡುಗ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೂರನೆಯದನ್ನು ತಿನ್ನುತ್ತಿದ್ದ.

ಒಟ್ಟು ಐದು ನಿಮಿಷ ಇರಬಹುದು. ಅವನನ್ನು ಎತ್ತಿಕೊಂಡಾಗ ನಮ್ಮ ಕೈ ನಡುಗುತ್ತಿತ್ತು. ಅಲ್ಲಿಂದ ಹತ್ತೇ ಹೆಜ್ಜೆ ದೂರದಲ್ಲಿ ಮ್ಯಾಂಚಿನೀಲ್ ಮರ. ಹಸಿರು ಬಾರೆಹಣ್ಣಿನಂಥ ಕಾಯಿ ಬಿಡುವ ವಿಷದ ಮರ ಅದು. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಳೆಯಲ್ಲಿ ಅದರ ಕೆಳಗೆ ನಿಲ್ಲಲೂಬಾರದು. ಹಸಿದ ಹುಡುಗ ಚಕ್ಕುಲಿ ಬಿಟ್ಟು ಆ ಕಾಯಿಗೆ ಕೈ ಹಾಕಿದ್ದರೆ? ಮೊದಲ ದಿನವೇ ಮಕ್ಕಳಿಗೆಲ್ಲ ಆ ಮರ ತೋರಿಸಿ ಪಾಠ ಮಾಡಿದ್ದರು. ಆ ಪಾಠವೇ ಅವನನ್ನು ಕಾದಿರಬೇಕು.

ಬೈಗುಳಕ್ಕೆ ನಾವು ತಯಾರಾಗಿದ್ದೆವು. ನರ್ಸಮ್ಮ ಬೈಯಲಿಲ್ಲ. ಸಂಜೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ಹುಡುಗನ ತಾಯಿಗೆ ತಾವೇ ನಡೆದದ್ದೆಲ್ಲ ಹೇಳಿದರು. ಆಮೇಲೆ ಒಂದು ಹಳೆಯ ನೋಟ್‌ಬುಕ್ ನಮ್ಮ ಮುಂದಿಟ್ಟರು. ಶಿಬಿರದಲ್ಲಿ ಆದ ಪ್ರತಿ ತಪ್ಪನ್ನೂ ಅದರಲ್ಲಿ ಬರೆಯುತ್ತಾರೆ. ಯಾರದೆಂದು ಬೆರಳು ತೋರಿಸಲಿಕ್ಕಲ್ಲ, ಮುಂದಿನ ವರ್ಷ ಬರುವವರು ಓದಲಿ ಎಂದು. ಮೊದಲ ಪುಟಗಳಲ್ಲಿ ಅವರದೇ ತಪ್ಪುಗಳಿದ್ದವು.

"ನೀವು ಪತ್ರಿಕೆಯವರಲ್ಲವೇ, ಬರೆಯಿರಿ" ಎಂದರು.

ಬರೆದೆವು. ನಾಲ್ಕೇ ಸಾಲು. ನಿಯಮ ಮೀರಿ ಫೋನು ನೀರಿಗೆ ತಂದೆವು. ಇಬ್ಬರೂ ಫೋಟೊ ನೋಡುತ್ತಿದ್ದೆವು, ಮಕ್ಕಳನ್ನು ನೋಡುತ್ತಿರಲಿಲ್ಲ. ಹುಡುಗ ಪಕ್ಕದಿಂದಲೇ ಹಾದು ದಂಡೆಗೆ ಹೋದದ್ದು ಕಾಣಲಿಲ್ಲ. ಹಸಿದ ಮಗುವನ್ನು ನೀರಿಗೆ ಇಳಿಸಬಾರದು, ಮೊದಲೇ ಕೇಳಬೇಕು. ಇಷ್ಟು ವರ್ಷ ಬರೆದ ಸುದ್ದಿಗಳಲ್ಲಿ ಯಾರೂ ಸಾಯದ ನೀರಿನ ಸುದ್ದಿ ಅದೊಂದೇ. ಯಾವ ಪತ್ರಿಕೆಯೂ ಅದನ್ನು ಹಾಕುವುದಿಲ್ಲ. ಲೆಕ್ಕ ಸರಿ ಬಂದರೆ ಅದು ಸುದ್ದಿಯಲ್ಲವಲ್ಲ?

ಆ ಫೋಟೊಗಳು ಚೆನ್ನಾಗಿ ಬಂದಿದ್ದವು. ಅದರಲ್ಲೊಂದರಲ್ಲಿ, ಮೂಲೆಯಲ್ಲಿ, ದಂಡೆಯ ಕಡೆ ಹೋಗುತ್ತಿರುವ ಪುಟ್ಟ ಬೆನ್ನು ಕಾಣುತ್ತದೆ. ಎಲ್ಲ ಅಳಿಸಿದೆವು, ಅದೊಂದನ್ನು ಇಟ್ಟುಕೊಂಡಿದ್ದೇವೆ.

ಜುಲೈ 25ನ್ನು ವಿಶ್ವಸಂಸ್ಥೆ 2021ರಿಂದ ಮುಳುಗು ಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಸತ್ತರು. ಅವರಲ್ಲಿ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದು, ಕೂಗುವುದು ಎಲ್ಲಿಂದ? ಅದಕ್ಕೇ ಕಿವಿಯನ್ನು ನಂಬಬಾರದು, ಕಣ್ಣಿಟ್ಟು ಎಣಿಸಬೇಕು ಎಂದು ನರ್ಸಮ್ಮ ಹೇಳುತ್ತಿದ್ದರು.

ಊರಿಗೆ ಬಂದ ಮೇಲೆ ನಾವೇನೂ ದೊಡ್ಡ ಶಿಬಿರ ಮಾಡಿಲ್ಲ. ನೀರಿನ ಸುದ್ದಿ ಬಂದಾಗ ಈಗ ನಾಲ್ಕು ಪ್ರಶ್ನೆ ಕೇಳುತ್ತೇವೆ. ಬೇಲಿ ಇತ್ತೇ? ಹಿಡಿದು ಹತ್ತಲು ಹಗ್ಗ ಇತ್ತೇ? ದೊಡ್ಡವರು ಯಾರಿದ್ದರು? ಮಗುವಿಗೆ ಈಜು ಬರುತ್ತಿತ್ತೇ? ಕೆಲವು ಸಲ ಅಚ್ಚಾಗುತ್ತದೆ, ಕೆಲವು ಸಲ ಜಾಗವಿಲ್ಲದೆ ಹೋಗುತ್ತದೆ.

2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲಿ ಹೊಂಡಗಳಾದವು. ಬೆಳೆ ಉಳಿಸಿದ ಹೊಂಡಗಳು ಅವು, ಬೇಡ ಎನ್ನಲಾಗದು. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಂದವರೂ ಜಾರಿ ಜಾರಿ ಬೀಳುತ್ತಾರೆ. ನಮ್ಮ ಓಣಿಯ ಮಕ್ಕಳು ಹಾದುಹೋಗುವ ದಾರಿಯ ಹೊಂಡಕ್ಕೆ, ಮಾಲೀಕರನ್ನು ಕೇಳಿ, ಗಂಟು ಗಂಟಾಗಿ ಕಟ್ಟಿದ ಹಗ್ಗ ಇಳಿಬಿಟ್ಟೆವು. ಅದರ ತುದಿಗೆ ಎರಡು ಖಾಲಿ ಎಣ್ಣೆ ಕ್ಯಾನು. ಖರ್ಚು ಮುನ್ನೂರು ರೂಪಾಯಿ ಒಳಗೆ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ನೀವೂ ಇಷ್ಟು ಮಾಡಬಹುದು. ಬೇಲಿ ಹಾಕುವ ತನಕವಾದರೂ.

ಮೊದಲ ವಾರದಲ್ಲೇ ಯಾರೋ ಆ ಹಗ್ಗ ಬಿಚ್ಚಿಕೊಂಡು ಹೋಗಿ ಎಮ್ಮೆ ಕಟ್ಟಿದ್ದರು. ಎಮ್ಮೆ ಯಾರದೆಂದು ನಮಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಬೇರೆ ಹಗ್ಗ ತಂದು ಕಟ್ಟಿದ್ದೇವೆ. ಸಂಜೆ ಆ ದಾರಿಯಲ್ಲಿ ಬರುವಾಗ ಹಗ್ಗ ಇದೆಯೇ ಎಂದು ನೋಡುತ್ತೇವೆ. ಆಮೇಲೆ ಬಯಲಿನಲ್ಲಿ ಆಡುವ ಮಕ್ಕಳನ್ನು, ಅತ್ತೆಗೆ ಗೊತ್ತಾಗದ ಹಾಗೆ, ಮನಸ್ಸಿನಲ್ಲೇ ಎಣಿಸುತ್ತೇವೆ.